ಮೂರನೇ ತಟ್ಟೆಯ ಕಾಗದ

“ಮುಟ್ಟಬ್ಯಾಡ ಕಣೆ, ಹುಳ ಜ್ವರಕ್ಕೆ ಕೂತವೆ,” ಎಂದಳು ಮಾಯಮ್ಮಜ್ಜಿ.

ಸಿರಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮೂರನೇ ತಟ್ಟೆಯ ರೇಷ್ಮೆಹುಳುಗಳು ತಲೆ ಎತ್ತಿಕೊಂಡು, ಅಲ್ಲಾಡದೆ ಕೂತಿದ್ದವು. ಹಳೇ ಚರ್ಮ ಕಳಚಿ ಏಳುವವರೆಗೂ ಅವು ಹೀಗೇ. ಸಾತನೂರಿನವರು ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಅಲುಗಾಡಿಸಿದರೆ ಬೆಳೆಯೇ ಹಾಳು.

ಆದರೆ ಹುಳುಗಳ ಕೆಳಗಿಂದ ಒಂದು ಕಾಗದದ ಮೂಲೆ ಇಣುಕುತ್ತಿತ್ತು. ಅದರ ಮೇಲೆ ನೀಲಿ ಸೀಲು.

ಅದು ಅಕ್ಕನ ಕಾಗದ. ನಯನಕ್ಕ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯ ಸ್ಕೂಲಲ್ಲೇ ಓದಿದ್ದಾಳೆ ಎಂದು ಹೆಡ್‌ಮಾಸ್ಟರು ಬರೆದುಕೊಟ್ಟದ್ದು. ನಾಳೆ ಬೆಂಗಳೂರಿನಲ್ಲಿ ಡಾಕ್ಟರ್ ಓದುವ ಸೀಟು ಹಂಚುತ್ತಾರೆ. ಈ ಕಾಗದ ತೋರಿಸಿದರೆ ಮಾತ್ರ ಹಳ್ಳಿ ಮಕ್ಕಳ ಕೋಟಾ. ಇವತ್ತು ಭಾನುವಾರ, ಇನ್ನೊಂದು ಬರೆಸೋಣವೆಂದರೆ ಸ್ಕೂಲಿಗೆ ಬೀಗ. ನಾಲ್ಕು ಗಂಟೆಗೆ ಬಸ್ಸು.

ಶುಕ್ರವಾರ ತಟ್ಟೆಗೆ ಹಾಸಲು ಅಕ್ಕನ ಹಳೇ ನೋಟ್ಸಿನ ಕಟ್ಟು ತಂದವಳು ಸಿರಿಯೇ. ಅದರೊಳಗೆ ಇದೂ ಸೇರಿಕೊಂಡಿತ್ತು.

ಒಳಮನೆಯಲ್ಲಿ ನಯನ ಟ್ರಂಕನ್ನೇ ಬೋರಲು ಹಾಕಿ ಹುಡುಕುತ್ತಿದ್ದಳು. ಸಿರಿ ಬಾಗಿಲಿಗೆ ಒರಗಿ ನಿಂತಳು.

“ಅಕ್ಕಾ, ಬಯ್ಯಲ್ಲ ಅಂದ್ರೆ ಹೇಳ್ತೀನಿ.”

“ಬಯ್ತೀನಿ. ಹೇಳು.”

“ಹುಳದ ಕೆಳ್ಗೈತೆ.”

ನಯನ ಓಡಿ ಬಂದು ತಟ್ಟೆ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಸೋಂಕು ತಗಲೀತೆಂದು ಹುಳುಮನೆಗೆ ಹೊರಗಿನವರು ಬರುವಂತಿಲ್ಲ. ಹಾಗಾಗಿ ಪಕ್ಕದ ಮನೆಯ ಲೋಕೇಶ ಕಿಟಕಿಯ ಜಾಲರಿಗೆ ಅಂಟಿಕೊಂಡಿದ್ದ. ಅವನು ಸಿರಿಯ ಕ್ಲಾಸಿನವನು.

“ಸಿಗದಿದ್ರೇ ಒಳ್ಳೇದು,” ಅಂದ. “ಬೆಂಗ್ಳೂರಲ್ಲಿ ನಮ್ ದೊಡ್ಡಪ್ಪನ ಮಗ ಎರಡು ವರ್ಷ ಕೋಚಿಂಗ್‌ಗೆ ಹೋಗವ್ನೆ. ನಿಮ್ಮಕ್ಕಂಗಿಂತ ಅವಂದೇ ಮುಂದಿನ ರ‍್ಯಾಂಕು. ಅವ್ನಿಗೇ ಡೌಟಂತೆ. ನಿಮ್ಮಕ್ಕಂಗೆ ಒಂದು ಕಾಗದಕ್ಕೆ ಸೀಟಾ? ಮೋಸ ಕಣೆ.”

ಸಿರಿಗೆ ಸಿಟ್ಟು ಬಂತು. ಕಿಟಕಿಗೆ ಬೆನ್ನು ತಿರುಗಿಸಿದಳು.

ಒಂದು ಗಂಟೆಯ ಹೊತ್ತಿಗೆ ತಟ್ಟೆಯ ನಡುವಿನ ಹುಳುಗಳು ಎದ್ದು, ಸೊಪ್ಪಿಗಾಗಿ ತಲೆ ಆಡಿಸತೊಡಗಿದವು. ಸಿರಿ ಹಿಪ್ಪುನೇರಳೆ ಸೊಪ್ಪನ್ನು ಬಾಚಿಕೊಂಡು ಬಂದಳು.

“ಅಜ್ಜೀ, ಎದ್ದೋವ್ಕೆ ಹಾಕ್ಬುಡಾನ. ಅವು ಸೊಪ್ಪಿನ ಮ್ಯಾಕೆ ಹತ್ತುತವೆ. ಕಾಗದ ಎಳ್ಕೊಬೋದು.”

“ಅಂಗ್ ಮಾಡಂಗಿಲ್ಲ ಕಣವ್ವ. ಗೋಡೆ ಕಡೇವು ಇನ್ನೂ ಎದ್ದಿಲ್ಲ. ಇವು ಈಗ್ಲೇ ತಿಂದು ದಪ್ಪ ಆದ್ರೆ ಅವು ಸಣ್ಣಗೇ ಉಳ್ಕತವೆ.”

“ಬೇಗ ಏಳ್ಬೇಕಿತ್ತು ಅವು.”

“ಆ ಮೂಲೇಲಿ ತಂಪು. ಅಲ್ಲಿಟ್ಟೋಳು ನಾನು. ಹುಳ ಏನ್ ಮಾಡ್ತದೆ?” ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. “ಎಲ್ಲಾ ಏಳ್ಲಿ.”

“ಏಳ್ಲಿ ಬುಡೆ,” ಎಂದಳು ನಯನ, ಗಲ್ಲಕ್ಕೆ ಕೈ ಕೊಟ್ಟು. “ಕಾಯೋದು ನಂಗೇನು ಹೊಸ್ದಾ? ಹತ್ನೇ ಕ್ಲಾಸಲ್ಲಿ ಸೈನ್ಸ್ ಮೇಷ್ಟ್ರು ಬರ್ಲಿ ಅಂತ ದೀಪಾವಳಿಗಂಟ ಕಾಯ್ಲಿಲ್ವಾ?”

ಸಿರಿ ಕೈಯಲ್ಲಿದ್ದ ಸೊಪ್ಪನ್ನು ನೋಡಿದಳು. ಗೋಡೆ ಕಡೆಯ ಹುಳುಗಳನ್ನು ನೋಡಿದಳು. ಹೋಗಿ ಸೊಪ್ಪನ್ನು ಬಾಡದಂತೆ ಒದ್ದೆ ಗೋಣಿಯ ಕೆಳಗೆ ಇಟ್ಟು ಬಂದಳು.

ಎರಡೂವರೆಗೆ ಕೊನೆಯ ಹುಳವೂ ತಲೆ ಆಡಿಸಿತು. ಅಜ್ಜಿ ತಟ್ಟೆಯ ಮೇಲೆ ಬಲೆ ಹಾಸಿ, ತುಂಬ ಸೊಪ್ಪು ಹರಡಿದಳು. ಹುಳುಗಳು ಒಂದೊಂದಾಗಿ ಬಲೆಯ ಮೇಲಕ್ಕೆ ಬಂದವು. ಮೂರೂಕಾಲಿಗೆ ಅಜ್ಜಿ ಮತ್ತು ನಯನ ಬಲೆಯನ್ನು ನಾಲ್ಕು ಮೂಲೆ ಹಿಡಿದು ಎತ್ತಿದರು. ಸಿರಿ ಕಾಗದ ಎಳೆದಳು.

ಕಾಗದದ ಮೈಯೆಲ್ಲ ಹುಳು ಜ್ವರಕ್ಕೆ ಕೂತಾಗ ಉದುರಿಸಿದ್ದ ಸುಣ್ಣದ ಪುಡಿ, ಅಂಚಿಗೆ ಎರಡು ಹಸಿರು ಕಲೆ. ಸೀಲು, ಸೈನ್ ಹಾಗೇ ಇದ್ದವು.

ನಯನ ಅದನ್ನು ಮೂಸಿ ನಕ್ಕಳು. “ಓದೋದೇ ಬ್ಯಾಡ. ವಾಸನೆ ಕುಡಿದ್ರೇ ಗೊತ್ತಾಯ್ತದೆ, ಇವಳು ಹಳ್ಳಿಯೋಳು ಅಂತ.”

ಅಪ್ಪ ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ನೇರ ಬೆಂಗಳೂರಿಗೆ ಬರುವವರಿದ್ದರು. ಕಾಗದವನ್ನು ಎದೆಗೊತ್ತಿಕೊಂಡು ನಯನ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸುತ್ತ, “ಇನ್ಮೇಲೆ ನನ್ ನೋಟ್ಸ್ ಮುಟ್ಟಿದ್ರೆ ಇಂಜೆಕ್ಷನ್,” ಎಂದು ಕೂಗಿದಳು.

ಸಿರಿ ಮನೆಗೆ ಬಂದಾಗ ಲೋಕೇಶ ಮತ್ತೆ ಕಿಟಕಿಯಲ್ಲಿದ್ದ. ಒಳಗೆ ಹುಳುಗಳು ಮಳೆ ಹನಿದಂತೆ ಸರಸರ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತಿದ್ದವು.

“ಲೋಕೇಶ, ಇದ್ರಲ್ಲಿ ತಂಪು ಮೂಲೇಲಿ ತಡ್ವಾಗಿ ಎದ್ದೋವು ಯಾವು, ತೋರ್ಸು ನೋಡಾನ.”

ಅವನು ಜಾಲರಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದ.

“ಗೊತ್ತಾಯ್ತಿಲ್ಲ ಕಣೆ. ಎಲ್ಲಾ ಒಂದೇ ಥರ ಅವೆ.”

ಸಿರಿ ಮೂರನೇ ತಟ್ಟೆಯನ್ನು ತಂಪು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದಳು.