ಗಂಟಲಿಗಿಳಿಯದ ಕಣ್ಣು

ಮತ್ತೆ ಕಣ್ಣು ಕಿತ್ತು ಬಂತು. ಆಟಿಕೆ ಕಾರ್ಖಾನೆಯ ಪರೀಕ್ಷಕಿ ಅದನ್ನು ಮೇಜಿನ ಮೇಲಿದ್ದ ಗಾಜಿನಂಥ ಪ್ಲಾಸ್ಟಿಕ್ ಕೊಳವೆಗೆ ಹಾಕಿದಳು. ಟಕ್ಕನೆ ತಳ ಸೇರಿತು. ಆ ಕೊಳವೆಗೆ ಕಾರ್ಖಾನೆಯಲ್ಲಿ ಗಂಟಲು ಎಂದೇ ಹೆಸರು. ಅದರೊಳಗೆ ಇಳಿದದ್ದು ಎಳೆಮಗುವಿನ ಗಂಟಲಿಗೂ ಇಳಿದೀತು, ಅಂದರೆ ಆಟಿಕೆ ಫೇಲು. ಇಕ್ಕಳ ಹಿಡಿದು ಜಗ್ಗುವುದೇ ಕೆಲಸವಾದ್ದರಿಂದ ಅವಳು ಜಗ್ಗಮ್ಮ. ಕಣ್ಣು ಕಿತ್ತುಬಂದ ಆ ಹಳದಿ ಆಟಿಕೆ ಬಾತನ್ನು ರೂಪಿಸಿದವನು ಬಾತಪ್ಪ.

ಕಣ್ಣನ್ನು ಬಣ್ಣದಲ್ಲಿ ಬರೆದುಬಿಡಿ ಎಂದು ಜಗ್ಗಮ್ಮ ಮೊದಲೇ ಹೇಳಿದ್ದಳು. ಬಾತಪ್ಪನಿಗೆ ಮೈಯೆಲ್ಲ ಉರಿದಿತ್ತು. ಗರಗರ ತಿರುಗುವ ಆ ಕಣ್ಣೇ ಬಾತಿನ ಜೀವ. ಅದಿಲ್ಲದಿದ್ದರೆ ಬಾತಿಗೂ ಸೋಪಿನ ತುಂಡಿಗೂ ಏನು ವ್ಯತ್ಯಾಸ? ಅಷ್ಟಕ್ಕೂ ಊಟಕ್ಕೇ ಬಾಯಿ ಬಿಡದ ಮಕ್ಕಳು ಬಾತಿನ ಕಣ್ಣು ನುಂಗುತ್ತವೆಯೇ? ಆದರೆ ಧಣಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಇನ್ನೊಮ್ಮೆ ಫೇಲಾದರೆ ಬಾತು ಮೂಲೆಗೆ, ಯಂತ್ರ ಆನೆಗೆ. ಆನೆ ಅದೇ ಕಾರ್ಖಾನೆಯಲ್ಲಿದ್ದ ಬಾತಪ್ಪನ ಷಡ್ಡಕ ರೂಪಿಸಿದ ಆಟಿಕೆ. ಭಾವನ ಆನೆ ಎಷ್ಟು ಮುದ್ದಾಗಿದೆ ಅಲ್ವಾ ಎಂದು ಹೆಂಡತಿ ಬಡಿಸುತ್ತಾ ಹೇಳಿದಾಗಲೆಲ್ಲ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಹಲ್ಲುಜ್ಜುವಾಗ ಉಪಾಯ ಹೊಳೆಯಿತು. ಬ್ರಷ್ ಬಾಯಲ್ಲಿದ್ದಂತೆಯೇ ಒಬ್ಬನೇ ನಕ್ಕ. ಕಣ್ಣನ್ನು ಯಾಕೆ ದೊಡ್ಡದು ಮಾಡಬೇಕು, ಗಂಟಲನ್ನೇ ಸಣ್ಣದು ಮಾಡಿದರಾಯಿತಲ್ಲ!

ಲೇತ್ ಯಂತ್ರದ ಮೇಲೆ ಅವನೇ ಹೊಸ ಕೊಳವೆ ಕಡೆದ. ಹೊರಗಿನಿಂದ ಥೇಟ್ ಹಳೆಯದೇ, ಒಳಗೆ ಮಾತ್ರ ಗೋಡೆ ಒಂದಿಷ್ಟು ದಪ್ಪ. ಹಳೆಯದರ ಅಂಚಿನಲ್ಲಿದ್ದ ಗೀರನ್ನೂ ಬಿಡದೆ ಮೂಡಿಸಿದ. ಜಗ್ಗಮ್ಮ ಆಟಿಕೆ ಮುಟ್ಟುವ ಮುಂಚೆ ಕೈ ತೊಳೆಯಲು ಹೋಗುತ್ತಾಳೆ. ಅಷ್ಟು ಹೊತ್ತು ಸಾಕು. ಅವಳ ಕನ್ನಡಕದ ದಾರ, ಸೆರಗಿಗೆ ಸಿಕ್ಕಿಸಿದ ಬೀಗದ ಕೈ ಗೊಂಚಲು, ಅದರಲ್ಲಿ ತೂಗುವ ಕೋಟಿನ ಹಳೇ ಗುಂಡಿ, ಎಲ್ಲವೂ ಅವನಿಗೆ ಬಾಯಿಪಾಠ. ತನ್ನ ಕಣ್ತಪ್ಪಿಸುವಂಥದ್ದು ಆ ಕೋಣೆಯಲ್ಲಿ ಏನೂ ಇಲ್ಲವೆಂದು ಅವನು ಬೀಗಿದ.

ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಅವಳು ಕೈ ತೊಳೆದು ಬರುವಷ್ಟರಲ್ಲಿ ನಿಜವಾದ ಗಂಟಲು ಅವನ ಪ್ಯಾಂಟಿನ ಜೇಬು ಸೇರಿತ್ತು. ಕುಣಿಯುವಷ್ಟು ಖುಷಿಯಾಗಿ ಅವನು ಕುರ್ಚಿಯ ತುದಿಯಲ್ಲಿ ಕೂತ. ಜಗ್ಗಮ್ಮ ಜಗ್ಗಿದಳು.

"ಇನ್ನೂ ಜೋರಾಗಿ ಜಗ್ಗಿ ಮೇಡಂ, ನಂಗೇನೂ ಅವಸರ ಇಲ್ಲ," ಎಂದ ಬಾತಪ್ಪ.

ಕಣ್ಣು ಕಿತ್ತು ಬಂತು. ಕೊಳವೆಗೆ ಹಾಕಿದಳು. ಬಾಯಲ್ಲೇ ಕೂತಿತು. ಹೇಗೆ ತಿರುಗಿಸಿ ಹಾಕಿದರೂ ಇಳಿಯಲಿಲ್ಲ. ಜಗ್ಗಮ್ಮನ ಮುಖ ಅರಳಿತು. ಅಂತೂ ಕಣ್ಣು ದೊಡ್ಡದು ಮಾಡಿದಿರಿ, ಒಳ್ಳೇದಾಯ್ತು ಎಂದಳು. ಬಾತಪ್ಪ ವಿನಯದಿಂದ ತಲೆ ತಗ್ಗಿಸಿದ. ಷಡ್ಡಕನ ಆನೆ ಸೊಂಡಿಲು ಮುದುರಿಕೊಂಡು ಮೂಲೆ ಸೇರುವುದು ಅವನ ಕಣ್ಣಿಗೆ ಕಟ್ಟಿತು.

ಜಗ್ಗಮ್ಮ ಪೆನ್ನು ತೆಗೆದಳು, ಆದರೆ ಸಹಿ ಹಾಕಲಿಲ್ಲ. ಗೊಂಚಲಿನಿಂದ ಆ ಹಳೇ ಗುಂಡಿ ಬಿಚ್ಚಿದಳು. ಫೇಲಾದಾಗಲೆಲ್ಲ ಬಾತಪ್ಪ ದುಮುಗುಡುತ್ತಾ ಎದ್ದು ಹೋಗಿದ್ದವನು. ಆಟಿಕೆ ಪಾಸಾದರೆ ಅವಳು ಏನು ಮಾಡುತ್ತಾಳೆ ಎಂಬುದನ್ನು ಮಾತ್ರ ಅವನು ಒಮ್ಮೆಯೂ ನೋಡಿರಲಿಲ್ಲ. "ನನ್ನ ಮಗ ಚಿಕ್ಕೋನಿದ್ದಾಗ ಅವನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಗುಂಡಿ ಇದು. ಪುಣ್ಯಕ್ಕೆ ಉಳಿದ," ಎಂದಳು. "ಪಾಸ್ ಅಂತ ಸಹಿ ಹಾಕೋ ಮುಂಚೆ ಇದನ್ನೊಂದ್ಸಲ ಇಳಿಸಿ ನೋಡ್ತೀನಿ. ಯಾವಾಗ್ಲೂ ಇಳಿಯುತ್ತೆ." ಗುಂಡಿ ಕೊಳವೆಯ ಬಾಯಲ್ಲೇ ಕೂತಿತು. ಜಗ್ಗಮ್ಮ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಬಾತಪ್ಪನ ಉಬ್ಬಿದ ಜೇಬನ್ನು.