ಬೆಳಕು ಹರಿಯುವ ಮೊದಲಿನ ನೀರು

"ಈ ಅಂಕಿಗಳನ್ನು ನಾನು ಒಪ್ಪೋದಿಲ್ಲ, ಸರ್!"

ಹರಿಣಿ ಇಂಗ್ಲಿಷಿನಲ್ಲಿ ಇಷ್ಟು ಹೇಳಿ ಕಾಗದಗಳನ್ನು ಮೇಜಿನ ಮೇಲೆ ಎಸೆದೇಬಿಟ್ಟಳು. ದೆಹಲಿಯ ಆ ಸಂಶೋಧನಾ ಸಂಸ್ಥೆಯ ಮೀಟಿಂಗ್ ರೂಮಿನಲ್ಲಿ ಎಲ್ಲರೂ ನಿರ್ದೇಶಕರತ್ತ ನೋಡಿದರು. ಬಿಸಿಲಿಗೆ ಮುಖ ಕಂದಿದ ಯುವಕನೊಬ್ಬ ಮಾತ್ರ ಅವಳನ್ನೇ ದಿಟ್ಟಿಸುತ್ತಿದ್ದ.

ಅವನೇ ಸುಕೇಶ್. ಫರೀದಾಬಾದಿನ ಬಳಿ ಯಮುನೆಯ ನೀರಿನ ಆಮ್ಲಜನಕ ಅಳೆದು ಅಂಕಿಗಳನ್ನು ಅವಳಿಗೆ ಈಮೇಲ್ ಮಾಡುತ್ತಿದ್ದ ವಿಜ್ಞಾನಿ. ಇಬ್ಬರೂ ಮುಖಾಮುಖಿಯಾದದ್ದು ಇವತ್ತೇ ಮೊದಲು.

ಸಿಟ್ಟು ತಡೆಯದೆ ಅವಳು ಕನ್ನಡದಲ್ಲಿ ಗೊಣಗಿಕೊಂಡಳು. "ಫ್ಯಾನ್ ಕೆಳಗೆ ಕೂತು ಬರೆದಿದ್ದಾನೆ, ಪುಣ್ಯಾತ್ಮ!"

"ಕನ್ನಡ ನನಗೂ ಬರುತ್ತೆ, ಮೇಡಂ. ಫ್ಯಾನ್ ಕೆಳಗಲ್ಲ, ಮೊಣಕಾಲುದ್ದ ಕೆಸರಲ್ಲಿ ನಿಂತು ಬರೆದದ್ದು."

ಅಯ್ಯೋ! ನಾಚಿಕೆಯಿಂದ ಹರಿಣಿಯ ಮುಖ ಕೆಂಪೇರಿತು. ಆದರೂ ಬಿಟ್ಟುಕೊಡುವ ಜಾಯಮಾನ ಅವಳದಲ್ಲ.

ಅವಳ ಕೆಲಸವೇ ಅಂಥದ್ದು. ನೀರಿನ ಬಿಸಿ, ಕಾರ್ಖಾನೆಯ ಲೋಹ, ಚರಂಡಿಯ ಅಮೋನಿಯಾ, ಬತ್ತುವ ಹರಿವು... ಒಂದೊಂದೇ ಬಂದರೆ ಮೀನು ಹೇಗೋ ತಡೆದುಕೊಳ್ಳುತ್ತದೆ. ಎಲ್ಲ ಒಟ್ಟಿಗೆ ಮೇಲೆ ಬಿದ್ದರೆ? ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಒಂದು ಮಾಡೆಲ್ ಕಟ್ಟಿ ಅದನ್ನೇ ಲೆಕ್ಕ ಹಾಕುತ್ತಿದ್ದಳು. ಸುಕೇಶನ ಆಮ್ಲಜನಕದ ಅಂಕಿಗಳನ್ನು ನಂಬಿದರೆ ಮೀನುಗಳು ಬದುಕಬೇಕಿತ್ತು. ಆದರೆ ೨೦೦೬ರ ಆ ಮೇ ತಿಂಗಳಲ್ಲಿ ದಡದ ತುಂಬ ಸತ್ತ ಮೀನು! ಅಂದಮೇಲೆ ಸುಳ್ಳು ಹೇಳುತ್ತಿರುವವರು ಯಾರು?

"ಶುಕ್ರವಾರದೊಳಗೆ ನಿಮ್ಮ ತೀರ್ಮಾನ ಹೇಳಿ, ಹರಿಣಿ," ಎಂದರು ನಿರ್ದೇಶಕರು. "ಅಂಕಿಗಳು ಸುಳ್ಳಾದರೆ ಇವರ ಕಾಂಟ್ರ್ಯಾಕ್ಟ್ ಅಲ್ಲಿಗೆ ಮುಗಿಯಿತು."

ಕಾರಿಡಾರಿನಲ್ಲಿ ಸುಕೇಶ್ ಅವಳನ್ನು ತಡೆದ.

"ಕೆಲಸ ಹೋದ್ರೆ ಹೋಗಲಿ. ಓಲ್ಡ್ ರಾಜಿಂದರ್ ನಗರದಲ್ಲಿ ಮಾವನ ಹೋಟೆಲ್ ಉಂಟು, ಗಲ್ಲಾದಲ್ಲಿ ಕೂತ್ಕೊಳ್ತೇನೆ. ಆದ್ರೆ ಸುಳ್ಳುಗಾರ ಅನ್ನಿಸಿಕೊಂಡು ಹೋಗೋದಿಲ್ಲ. ನಾಳೆ ನೀವೇ ಬಂದು ನೋಡಿ."

"ನಾಳೆ ಹತ್ತು ಗಂಟೆಗೆ ನನಗೆ ಮಿನಿಸ್ಟ್ರಿಯಲ್ಲಿ ಮೀಟಿಂಗ್ ಇದೆ."

"ಹಾಗಾದ್ರೆ ಬೆಳಕು ಹರಿಯೋ ಮೊದಲೇ ಹೋಗುವ. ಆಫೀಸ್ ಜೀಪ್ ಸಾಹೇಬ್ರ ಮನೆ ಕೆಲಸ ಎಲ್ಲ ಮುಗಿಸಿ ನನ್ನ ಕೈಗೆ ಸಿಗೋದೇ ಮಧ್ಯಾಹ್ನ. ನನ್ನ ಬೈಕಲ್ಲೇ ಹೋಗುವ."

ಅವನ ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. 'ಇವನ ಕಣ್ಣು ಸುಳ್ಳು ಹೇಳುವಂತೆ ಕಾಣುವುದಿಲ್ಲವಲ್ಲ...' ಮರುಕ್ಷಣವೇ ತನ್ನನ್ನು ತಾನೇ ಗದರಿಕೊಂಡಳು. ವಿಜ್ಞಾನದಲ್ಲಿ ಕಣ್ಣಿಗೇನು ಕೆಲಸ?

ಮರುದಿನ ಕತ್ತಲಿರುವಾಗಲೇ ಹರಿಣಿಯ ಸರೋಜಿನಿ ನಗರದ ಕ್ವಾರ್ಟರ್ಸ್ ಮುಂದೆ ಬೈಕ್ ನಿಂತಾಗ, ಅಮ್ಮ ಲೀಲಾವತಿ ಬಾಲ್ಕನಿಯಿಂದ ಬಗ್ಗಿದರು.

"ಯಾರೇ ಅದು?"

"ಆಫೀಸ್ ಕೆಲಸ, ಅಮ್ಮಾ!"

"ಆಫೀಸ್ ಕೆಲಸಕ್ಕೆ ಹೆಸರಿಲ್ವೇನೇ?"

ಸುಕೇಶ್ ನಗು ನುಂಗಿಕೊಂಡ. ಆದರೆ ನದಿ ದಡ ಮುಟ್ಟಿದ ಮೇಲೆ ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಅರೆಗತ್ತಲಲ್ಲಿ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದವು. ಅವನು ನೀರಿಗಿಳಿದು ಮೀಟರ್ ಅದ್ದಿದ.

ಆಮ್ಲಜನಕ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ! ಅವನು ಕಳಿಸುತ್ತಿದ್ದದ್ದು ಎಂಟರ ಆಸುಪಾಸು.

ಹರಿಣಿ ದಡದಿಂದಲೇ ಬಗ್ಗಿ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ತನ್ನ ಮಾತೇ ನಿಜವಾಗಿತ್ತು. ಆದರೂ ಗೆದ್ದ ಸಂತೋಷವೇಕಿಲ್ಲ? ಅಳುವೇಕೆ ಉಕ್ಕಿ ಬರುತ್ತಿದೆ?

"ಮೀಟರ್ ಸರಿಯಾಗಿದೆಯಾ?"

"ಸರಿಯಾಗಿದೆ." ಅವನು ಮೀಟರನ್ನು ಅವಳತ್ತ ಹಿಡಿದ. "ನನಗೇ ಅರ್ಥ ಆಗ್ತಿಲ್ಲ... ನಾನು ಸುಳ್ಳು ಬರೆದಿಲ್ಲ, ಹರಿಣಿ."

ಮೊದಲ ಸಲ 'ಮೇಡಂ' ಅನ್ನದೆ ಹೆಸರು ಹಿಡಿದು ಕರೆದಿದ್ದ. ಹೊರಡಲು ಅವಳಿಗೆ ಕಾಲೇ ಬರಲಿಲ್ಲ. "ಇನ್ನೊಮ್ಮೆ ಅಳೆಯಿರಿ," ಎಂದಳು.

ಸೂರ್ಯ ಮೇಲೆ ಬಂದ. ಅಂಕಿ ಎರಡಾಯಿತು. ಮಿನಿಸ್ಟ್ರಿಯಿಂದ ಫೋನ್ ಬಂತು, ಕಟ್ ಮಾಡಿದಳು. ಬಿಸಿಲೇರಿದಂತೆ ನಾಲ್ಕು... ಆರು... ನಡುಮಧ್ಯಾಹ್ನ ನೆತ್ತಿ ಸುಡುವಾಗ ಮೀಟರ್ ಎಂಟು ತೋರಿಸಿತು!

ಹರಿಣಿ ನೀರಿನ ಮೇಲಿನ ಹಸಿರು ಪಾಚಿಯನ್ನೇ ನೋಡುತ್ತಾ ನಿಂತಳು. ಹಗಲಲ್ಲಿ ಆಮ್ಲಜನಕ ಬಿಡುವ ಪಾಚಿ, ಕತ್ತಲಾದರೆ ಅದನ್ನೇ ಹೀರುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ ಪಾಠ!

"ಜೀಪ್ ಬರೋದೇ ಮಧ್ಯಾಹ್ನ," ಎಂದ ಸುಕೇಶ್ ಹಣೆ ಚಚ್ಚಿಕೊಂಡು. "ದಿನಾ ಒಂದೇ ಹೊತ್ತಿಗೆ ಅಳೆದೆ. ಆ ಹೊತ್ತನ್ನೂ ಬರೆದು ಕಳಿಸ್ತಿದ್ದೆನಲ್ಲ!"

ಅವಳು ದಡದಲ್ಲಿ ಕುಳಿತಳು.

"ಕಳಿಸ್ತಿದ್ರಿ... ಆ ಕಾಲಂ ನಾನೇ ತೆಗೆದುಹಾಕಿದ್ದೆ. ನನ್ನ ಮಾಡೆಲ್‌ಗೆ ದಿನಕ್ಕೊಂದೇ ಅಂಕಿ ಸಾಕಿತ್ತು, ಸುಕೇಶ್. ಮೀನು ಸಾಯೋ ಹೊತ್ತನ್ನ ನಾನು ಲೆಕ್ಕಕ್ಕೇ ತಗೊಂಡಿಲ್ಲ!"

ಶುಕ್ರವಾರ. ಅದೇ ಮೀಟಿಂಗ್ ರೂಮ್.

"ಸುಕೇಶ್ ಕೊಟ್ಟ ಪ್ರತಿಯೊಂದು ಅಂಕಿಯೂ ನಿಜ," ಎಂದಳು ಹರಿಣಿ. "ತಪ್ಪು ನನ್ನ ಮಾಡೆಲ್‌ನದು. ಅವರನ್ನು ಸುಳ್ಳುಗಾರ ಅಂದದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳ್ತೀನಿ."

ನಿರ್ದೇಶಕರು ಕನ್ನಡಕ ತೆಗೆದರು. "ಇದರ ಅರ್ಥ ಗೊತ್ತಾ? ನಿಮ್ಮ ವರದಿ ವಾಪಸ್. ಎರಡು ವರ್ಷದ ಕೆಲಸ ಮತ್ತೆ ಮೊದಲಿನಿಂದ. ನಿಮ್ಮ ಪ್ರಮೋಷನ್ನೂ ಈ ವರ್ಷ ಇಲ್ಲ."

"ಗೊತ್ತು, ಸರ್."

ಸುಕೇಶನ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಹೊರಗೆ ಬಂದವನು ಅವಳ ಹಿಂದೆಯೇ ಓಡಿಬಂದ.

"ಎಂಥ ಮಾಡಿದ್ರಿ ಮಾರಾಯ್ರೆ! ಹಳೇ ಮೀಟರ್ ಕೆಟ್ಟಿತ್ತು ಅಂದಿದ್ರೆ ಇಬ್ಬರೂ ಪಾರಾಗ್ತಿದ್ದೆವಲ್ಲ!"

"ಪಾರಾಗಿ ನಿಮ್ಮ ಮುಖ ಹೇಗೆ ನೋಡಲಿ?" ತಡೆದಿಟ್ಟಿದ್ದ ಕಣ್ಣೀರು ಹರಿದೇಬಿಟ್ಟಿತು. "ಅವತ್ತು ಮೀಟರ್ ನೋಡಿದಾಗ, ನೀವು ಸುಳ್ಳು ಹೇಳಿದ್ರಿ ಅಂದ್ಕೊಂಡೆ. ನನಗೆ ಜೀವವೇ ಹೋದ ಹಾಗಾಯ್ತು. ಯಾಕೆ ಅಂತ ಗೊತ್ತಾ?"

ಅವನು ಮೆಲ್ಲಗೆ ಹೇಳಿದ.

"ನೀವು ನನ್ನನ್ನ ಸುಳ್ಳುಗಾರ ಅಂದದ್ದಕ್ಕೇ ನನಗೂ ಅಷ್ಟು ನೋವಾದದ್ದು. ಬೇರೆ ಯಾರಾದ್ರೂ ಅಂದಿದ್ರೆ ಜಗಳ ಆಡಿ ಸುಮ್ಮನಾಗ್ತಿದ್ದೆ."

ಅವಳು ತಲೆ ತಗ್ಗಿಸಿದಳು. ಅವನು ಕರವಸ್ತ್ರ ಚಾಚಿದ.

"ಇನ್ನು ಬೆಳಕು ಹರಿಯೋ ಮೊದಲೂ ಅಳೀಬೇಕಂತೆ. ಒಬ್ಬನೇ ಹೋಗೋಕೆ ಮನಸ್ಸಿಲ್ಲ, ಹರಿಣಿ."

"ಎಷ್ಟು ದಿನ ಅಳೀಬೇಕು?"

"ನೀವು ಸಾಕು ಅನ್ನೋವರೆಗೆ."

ಕಣ್ಣೊರೆಸಿಕೊಂಡು ಅವಳು ನಕ್ಕಳು. "ನಾನು ಸಾಕು ಅನ್ನೋದಿಲ್ಲ, ಸುಕೇಶ್."