ಓಣಿಯ ಬಿಸಿಲಿಗೆ ಹತ್ತು ಫೂಟು

"ಯಾರ್ರೀ ಅದು? ಮೂರು ದಿನಾ ಆತು, ನಮ್ಮ ಮಾಳಗಿ ಕಡೆ ಮಾರಿ ಎತ್ತಿ ನಿಂದ್ರತೀರಿ! ನಿಮ್ಮನಿಯೊಳಗ ಅಕ್ಕ-ತಂಗೇರಿಲ್ಲೇನು?"

ಎರೆದುಕೊಂಡ ಕೂದಲನ್ನು ಮಾಳಿಗೆಯ ಮೇಲೆ ಒಣಗಿಸುತ್ತಿದ್ದ ಸುಲಭಾ ಕೂಗಿಯೇಬಿಟ್ಟಳು. ಕೆಳಗೆ ಓಣಿಯಲ್ಲಿ ಕೈಯಲ್ಲೊಂದು ಕೋಲು ಹಿಡಿದು ನಿಂತಿದ್ದವನು ಬೆಚ್ಚಿಬಿದ್ದ. ಮುಖ ಕೆಂಪಾಯಿತು. ತಲೆ ತಗ್ಗಿಸಿ ಹೊರಟೇ ಹೋದ.

'ಕಳ್ಳ! ತಪ್ಪಿಲ್ಲದಿದ್ದರೆ ಓಡುವುದೇಕೆ?'

ಸುಲಭಾ ಇಳಕಲ್ಲಿನ ಹೆಣ್ಣುಮಕ್ಕಳ ಸಾಲೆಯ ಅಕ್ಕೋರು. ಸಿಟ್ಟು ಮೂಗಿನ ತುದಿಯಲ್ಲೇ. ತಂದೆ ಇಲ್ಲ. ತಾಯಿ ಭಾಗೀರಥೀಬಾಯಿ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ನೇಕಾರರ ಓಣಿಯಲ್ಲಿ ತಾವಿದ್ದ ಹಳೆಯ ಮನೆ ಕೆಡವಿ, ಕೆಳಗೆ ನಾಲ್ಕು ಅಂಗಡಿ, ಮೇಲೆ ಬಾಡಿಗೆಗೆ ಮೂರು ಬಿಡಾರ ಕಟ್ಟಿಸಬೇಕೆಂದು ತಾಯಿ-ಮಗಳು ಪುರಸಭೆಗೆ ಅರ್ಜಿ ಕೊಟ್ಟಿದ್ದರು. ಗುರುವಾರ ಕಟ್ಟಡ ಸಮಿತಿಯ ಮುಂದೆ ಅದರ ವಿಚಾರಣೆ.

ಗುರುವಾರ ಸಭೆಗೆ ಹೋದರೆ, ನಕ್ಷೆ ಹಿಡಿದು ನಿಂತವನು ಅದೇ ಕಳ್ಳ!

ಬಾಗಲಕೋಟೆಯಿಂದ ಹೊಸದಾಗಿ ಬಂದ ಓವರ್‌ಸೀಯರ್ ಕೃಷ್ಣಾಜಿ ತುಳಸಿಗೇರಿ. ಅವನು ಓದಿದ ಷರತ್ತು ಒಂದೇ: ಮೇಲಿನ ಅಂತಸ್ತು ಓಣಿಯಿಂದ ಹತ್ತು ಫೂಟು ಹಿಂದೆ ಸರಿಯಬೇಕು.

ಅವನು ಕಾರಣ ಓದುವ ಮೊದಲೇ ಸುಲಭಾ ಎದ್ದಳು. ಹತ್ತು ಫೂಟು ಹೋದರೆ ಒಂದು ಬಿಡಾರವೇ ಹೋಯಿತು! ಅಂದು ಬೈದದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ...

"ಅಧ್ಯಕ್ಷರ, ಇವರು ಕಟ್ಟಡ ನೋಡ್ಲಿಕ್ಕೆ ಬಂದವರಲ್ಲ! ದಿನಾ ಮುಂಜಾನಿ ಓಣ್ಯಾಗ ನಿಂತು ನನ್ನ ನೋಡ್ತಿದ್ರು. ಬೈದೆ. ಅದಕ್ಕ ಈ ಷರತ್ತು!"

ಸಭೆಯೆಲ್ಲ ಕೃಷ್ಣಾಜಿಯ ಕಡೆ ತಿರುಗಿತು. ಬಾಗಿಲಲ್ಲಿ ನಿಂತಿದ್ದ ಜವಾನ ಖಾಸಿಂಸಾಬನೂ ಬಗ್ಗಿ ನೋಡಿದ.

"ಏನ್ರಿ ಓವರ್‌ಸೀಯರ್, ಖರೆ ಏನು?" ಅಧ್ಯಕ್ಷರ ದನಿ ಏರಿತು.

ಕೃಷ್ಣಾಜಿ ನಕ್ಷೆ ಮಡಚಿದ. ಇಲ್ಲ ಎಂದೂ ಅನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ.

"ಬಾಯಿ ತಗಿಯೂದಿಲ್ಲಂದ್ರ ಅರ್ಥ ಆತು. ಬರೋ ಗುರುವಾರ ನಿಮ್ಮ ನೌಕರಿ ವಿಚಾರ ಮಾಡ್ತೇವಿ. ಷರತ್ತೂ ಆವತ್ತ ನೋಡೂಣು."

ಗೆದ್ದೆ ಅಂದುಕೊಂಡು ಸುಲಭಾ ಮನೆಗೆ ಬಂದಳು. ಅಂದು ಎರಡು ತುತ್ತು ಹೆಚ್ಚೇ ಉಂಡಳು, ಪುಣ್ಯಾತ್ಮಗಿತ್ತಿ!

ಮರುದಿನ ಮುಂಜಾನೆ ಸುಲಭಾ ಬಾಗಿಲಿಗೆ ನೀರು ಹಾಕುವಾಗ ಎದುರುಮನೆಯ ಗುರುಸಿದ್ದವ್ವ ಓಣಿಯುದ್ದಕ್ಕೂ ಸೀರೆಯ ಹಾಸಿಗೆ ಬೇಕಾದ ಉದ್ದೆಳೆಯ ನೂಲು ಎಳೆದು ಕಟ್ಟಿ, ಅದಕ್ಕೆ ಗಂಜಿ ಹಚ್ಚುತ್ತಿದ್ದಳು. ಗಂಡ ಅಮಸಿದ್ದಪ್ಪ ಆಚೆ ತುದಿಯಲ್ಲಿ ಗೂಟ ಹಿಡಿದಿದ್ದ.

"ಅಕ್ಕೋರ, ಓವರ್‌ಸೀಯರ್ ಸಾಹೇಬ್ರು ಮತ್ತ ಬರಲಿಲ್ಲಲ್ಲ?"

"ಅವರ ಕೂಡ ನಿನಗೇನ ಕೆಲಸಾ?" ಸುಲಭಾ ಸಿಡುಕಿದಳು.

"ನಿಮ್ಮನಿ ನೆರಳ ಎಲ್ಲಿತನಾ ಬೀಳತೈತಿ ಅಂತ ಕೋಲಿನಿಂದ ಅಳದು ಇಲ್ಲಿ ಸುಣ್ಣದ ಗೆರಿ ಹಾಕಿದ್ರವ್ವ. ಗಂಜಿ ಹಚ್ಚಿದ ನೂಲು ಎಳಿಬಿಸಲಾಗ ಒಣಗಬೇಕು. ನೆರಳಿಗೆ ಬಿತ್ತಂದ್ರ ಎಳಿಗೆ ಎಳಿ ಅಂಟಿ ಹಾಸೆಲ್ಲಾ ಕೆಡತೈತಿ. ನಿಮ್ಮ ಮ್ಯಾಲಿನ ಅಂತಸ್ತು ಓಣಿಗೆ ಹತ್ತಿ ಎದ್ದರ ಈ ಓಣ್ಯಾಗ ಹನ್ನೊಂದು ಮಗ್ಗ ನಿಂದ್ರತಾವು. ಸಭಾಕ್ಕ ನಮ್ಮನ್ನ ಯಾರು ಕರೀತಾರ? ಈ ಸಾಹೇಬ್ರೇ ಕೇಳಿದ್ರು, ಅವರೇ ಬರಕೊಂಡ್ರು."

ಸುಲಭಾ ಕೆಳಗೆ ನೋಡಿದಳು. ಕಲ್ಲಿನ ಮೇಲೆ ಬೆಳ್ಳನೆಯ ಗೆರೆಗಳು. ಪಕ್ಕದಲ್ಲಿ ಬರೆದ ಗಂಟೆ, ನಿಮಿಷ.

ತಂಬಿಗೆ ಕೆಳಗಿಟ್ಟು ಗೆರೆಯ ಮೇಲೆ ಕೈಯಾಡಿಸಿದಳು.

ಹುಟ್ಟಿದಾಗಿನಿಂದ ಈ ನೂಲನ್ನು ದಾಟಿಕೊಂಡೇ ಸಾಲೆಗೆ ಹೋಗಿದ್ದಳು. ಅದಕ್ಕೆ ಬಿಸಿಲು ಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸಿದವನನ್ನು ಹತ್ತು ಜನರ ಮುಂದೆ ಹೆಂಗಸರನ್ನು ಕದ್ದು ನೋಡುವವನು ಅಂದುಬಿಟ್ಟೆನಲ್ಲ! ಅವನ ನೌಕರಿ... ಅವನ ಹೆಸರು... ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಆ ವಾರ ಮಕ್ಕಳಿಗೆ 'ಸುಳ್ಳು ಹೇಳಬಾರದು' ಎಂದು ಹಲಗೆಯ ಮೇಲೆ ಬರೆಯಲು ಹೋಗಿ, ಅರ್ಧಕ್ಕೇ ಅಳಿಸಿದಳು. ಮುಖ ತೋರಿಸಲು ನಾಚಿಕೆಯಾಗಿ ಗುರುಸಿದ್ದವ್ವನ ಮನೆ ಮುಂದಿನ ದಾರಿ ಬಿಟ್ಟು ಹಿತ್ತಲ ಬಾಗಿಲಿಂದ ಸುತ್ತು ಹಾಕಿ ನಡೆದಳು.

ಬುಧವಾರ ತಾಯಿಗೆ ಎಲ್ಲ ಹೇಳಿದಳು. ಭಾಗೀರಥೀಬಾಯಿ ಹಣೆ ಬಡಿದುಕೊಂಡರು.

"ಮದಿವಿ ಆಗದ ಹುಡಿಗಿ ನೀ. ಒಮ್ಮೆ ಬೈದಿ, ಮತ್ತ ನೀನ ಹೋಗಿ ಅವ ಭಾಳ ಛಲೋ ಮನಷಾ ಅಂದ್ರ ಊರು ಏನನ್ನತದ? ಇಬ್ಬರ ನಡುವ ಏನೋ ಅದ ಅಂತಾರ! ಸುಮ್ಮನಿರು."

"ನಾ ಸುಮ್ಮನಿದ್ರ ಅವರ ನೌಕರಿ ಹೋಗ್ತದವ್ವಾ. ನನ್ನ ಮಾತಿನಿಂದ."

ತಾಯಿ ಮಗಳ ಮುಖ ದಿಟ್ಟಿಸಿದರು. ಕೊನೆಗೆ, "ಸೆರಗು ನೆಟ್ಟಗ ಹೊತ್ತುಕೊಂಡು ಹೋಗು," ಎಂದರು.

ಗುರುವಾರ. ಅದೇ ಸಭೆ, ಅದೇ ಮುಖಗಳು. ಮೂಲೆಯಲ್ಲಿ ಕೃಷ್ಣಾಜಿ. ಒಂದೇ ವಾರದಲ್ಲಿ ಇಳಿದುಹೋಗಿದ್ದ. ಅವನನ್ನು ನೋಡಿದ್ದೇ ಸುಲಭಾ ಎದ್ದು ನಿಂತಳು.

"ಅಧ್ಯಕ್ಷರ... ಹೋದ ಗುರುವಾರ ನಾ ಹೇಳಿದ್ದು ತಪ್ಪು. ಇವರು ನಮ್ಮನಿ ನೆರಳು ಅಳೀಲಿಕ್ಕೆ ಬಂದಿದ್ರು. ಓಣ್ಯಾಗ ಗೆರಿ ಇನ್ನೂ ಅವ, ಹೋಗಿ ನೋಡ್ರಿ. ವಿಚಾರ ಮಾಡದ ಒಬ್ಬರ ಮಾನಾ ಕಳದೆ. ನನಗ ನಾಚಿಕಿ ಆಗ್ಯದ."

ಯಾರೋ ಮುಸಿಮುಸಿ ನಕ್ಕರು. ಕಿವಿ ಸುಟ್ಟಂತಾಯಿತು. ಆದರೂ ಕೂರಲಿಲ್ಲ.

"ಷರತ್ತು ನಮಗ ಒಪ್ಪಿಗಿ. ಹತ್ತು ಫೂಟು ಹಿಂದ ಸರಸ್ತೇವಿ. ಮೂರು ಬಿಡಾರ ಹೋಗಿ ಎರಡ ಆಗಲಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ನೌಕರಿ ಮಾತು ಇಲ್ಲಿಗೆ ಮುಗೀತು. ಷರತ್ತು ಮಂಜೂರ. ಬರ್ಕೋರಿ."

ಸುಲಭಾ ಯಾರ ಮುಖವನ್ನೂ ನೋಡದೆ ಹೊರಬಂದಳು. ಕಚೇರಿಯ ಕಟ್ಟೆ ಇಳಿಯುವಷ್ಟರಲ್ಲಿ ಹಿಂದೆ ಹೆಜ್ಜೆಯ ಸಪ್ಪಳ.

"ಸುಲಭಾಬಾಯಿ... ಒಂದು ಮಾತು."

ಅವಳು ತಿರುಗದೇ ಕೈ ಮುಗಿದಳು. "ಕ್ಷಮಾ ಮಾಡ್ರಿ. ಅದರ ಹೊರತು ನನ್ನ ಹತ್ರ ಮಾತಿಲ್ಲ."

"ಕ್ಷಮಾ ನಾ ಕೇಳಬೇಕು." ಕೃಷ್ಣಾಜಿ ಒಂದು ಮೆಟ್ಟಿಲು ಇಳಿದ. "ಆವತ್ತ ನಾ ಯಾಕ ಉತ್ತರಾ ಕೊಡಲಿಲ್ಲ, ನೀವು ಕೇಳಲೇ ಇಲ್ಲ."

ಸುಲಭಾ ತಿರುಗಿದಳು. "ಯಾಕ?"

"ಅಳತಿ ಎರಡು ದಿನದಾಗ ಮುಗದಿತ್ತು... ಮೂರನೇ ದಿನ ಅಲ್ಲಿ ನಂದೇನೂ ಕೆಲಸಾ ಇರಲಿಲ್ಲ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ತಡ, ಮುಖಕ್ಕೆ ರಕ್ತ ನುಗ್ಗಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ!

"ಈಗ ಇಡೀ ಸಭಾ ನಿಮ್ಮನ್ನ ನಿರ್ದೋಷಿ ಅಂತದ. ಯಾಕ ಹೇಳಿದ್ರಿ ನನಗ?"

"ನೀವು ಅಷ್ಟು ಮಂದಿ ಮುಂದ ಖರೆ ಹೇಳಿದ್ರಿ. ನಾ ನಿಮ್ಮೊಬ್ಬರ ಮುಂದರ ಹೇಳಬ್ಯಾಡೇನು? ಮಾಡಿದ್ದು ತಪ್ಪು. ಬೇಕಾದ್ರ ಇಲ್ಲಿಂದ ಬದಲಿ ಮಾಡಿಸಿಕೊಂಡು ಹೋಗ್ತೇನಿ."

ಅವನ ತಲೆ ಬಗ್ಗಿಯೇ ಇತ್ತು. ತನ್ನಷ್ಟೇ ನಾಚಿಕೆಪಟ್ಟ ಇನ್ನೊಂದು ಜೀವ ಊರಲ್ಲಿದೆ ಎಂದು ತಿಳಿದು ಸುಲಭಾಳ ಎದೆಯ ಭಾರ ಮೆಲ್ಲಗೆ ಇಳಿಯಿತು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಹೋಗಬ್ಯಾಡ್ರಿ..."

"ಮತ್ತ?"

"ಓಣ್ಯಾಗ ನಿಂತು ನೋಡೂದು ಮರ್ಯಾದಸ್ಥರ ಲಕ್ಷಣ ಅಲ್ಲ. ನಮ್ಮ ಅವ್ವ ಮನಿಯಾಗ ಇರ್ತಾರ. ಹಿರೇರನ್ನ ಕರಕೊಂಡು ಬರ್ರಿ."

ಕೃಷ್ಣಾಜಿ ಮೊದಲ ಸಲ ತಲೆ ಎತ್ತಿದ. "ಬಂದು ಬಾಗಲಾ ಬಡದ್ರ... ತಗೀತೀರೇನು?"

ಸುಲಭಾ ಸೆರಗು ಸರಿಪಡಿಸಿಕೊಂಡು ಎರಡು ಹೆಜ್ಜೆ ನಡೆದಳು. ಆಮೇಲೆ ತಿರುಗದೆಯೇ, ಮೆಲ್ಲಗೆ ಅಂದಳು:

"ಬಡೀಬ್ಯಾಡ್ರಿ. ತಗದ ಇಟ್ಟಿರ್ತೇನಿ."